ಬಾಗಿಲ ಹೊರಗಿನ ಎಡೆ

ಮೇಜಿನ ಬಟ್ಟೆಯ ಮೂಲೆಗಳಿಗೆಲ್ಲ ಇಟ್ಟಿಗೆ ಹೇರಿದ ಮೇಲೆ ಸು-ಚಿಂಗ್ ಊದಿನಕಡ್ಡಿಯ ಕಟ್ಟು ಬಿಚ್ಚಿದಳು. ಸೇಬಿನ ಬುಟ್ಟಿಗೊಂದು, ಬೇಯಿಸಿದ ಬಾತುಕೋಳಿಗೊಂದು, ಅಕ್ಕಿಯ ಚೀಲಕ್ಕೊಂದು, ಬಿಸ್ಕತ್ತಿನ ಪೊಟ್ಟಣಕ್ಕೊಂದು, ಹೀಗೆ ಗಾಳಿಗೆ ಬೆನ್ನು ಕೊಟ್ಟು ಅಂಗೈ ಮರೆಮಾಡಿ ಹಚ್ಚಿ ಹಚ್ಚಿ ಚುಚ್ಚುತ್ತ ಹೋದಳು. ಪಿನ್-ರು ಒಂದು ಬೋಗುಣಿಯಲ್ಲಿ ನೀರು ತಂದು ಮೇಜಿನ ಕಾಲ ಬಳಿ ಇಟ್ಟು, ಅದರ ಅಂಚಿಗೆ ಹೊಸ ಟವೆಲು ಹಾಕಿದಳು. ದೂರದಿಂದ ನಡೆದು ಬಂದವರು ಮುಖ ತೊಳೆಯಬೇಕಲ್ಲ. ಇಬ್ಬರೂ ತುಟಿ ಬಿಚ್ಚಲಿಲ್ಲ. ಸತ್ತವರು ಲೋಕಕ್ಕೆ ಮರಳಿ ಬಂದು ಅಲೆಯುವ ಏಳನೆಯ ತಿಂಗಳಲ್ಲಿ ಈ ಮೇಜಿನ ಹತ್ತಿರ ಯಾರ ಹೆಸರನ್ನೂ ಕೂಗಬಾರದು. ಕೂಗಿದರೆ ಕೇಳಬಾರದವರು ಕೇಳಿ ನೆನಪಿಟ್ಟುಕೊಳ್ಳುತ್ತಾರೆ. ಹೆಸರು ಹಿಡಿಯದೆ ಮಾತಾಡುವ ಪಡಿಪಾಟಲಿಗಿಂತ ಬಾಯಿ ಮುಚ್ಚಿಕೊಂಡಿರುವುದೇ ವಾಸಿ.

ಆ ಬೆಳಿಗ್ಗೆ ಇದೇ ಮೇಜಿಗಾಗಿ ಒಂದು ಸಣ್ಣ ಜಗಳವೂ ಆಗಿತ್ತು.

"ಮಧ್ಯಾಹ್ನಕ್ಕೆ ಚಂಡಮಾರುತ ಬರ್ತಿದೆ. ಮೇಜು ಹಾರಿ ಯಾರದಾದ್ರೂ ಕಾರಿನ ಮೇಲೆ ಬಿದ್ರೆ ನನ್ನ ತಲೆಗೆ ಬರುತ್ತೆ. ಈ ವರ್ಷ ಒಳಗೆ, ಹಜಾರದಲ್ಲೇ ಇಟ್ಬಿಡಿ" ಎಂದಿದ್ದರು ಮ್ಯಾನೇಜರ್ ಶ್ವೇ.

"ಒಳಗಾ?" ಸು-ಚಿಂಗ್ ಕೈಯಲ್ಲಿದ್ದ ಬಾತುಕೋಳಿಯ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. "ಒಳಗೆ ಎಡೆ ಇಟ್ರೆ ಅಣ್ಣತಮ್ಮಂದಿರನ್ನ ಒಳಗೆ ಕರೆದ ಹಾಗೆ ಆಗುತ್ತೆ, ಮ್ಯಾನೇಜರೇ. ಹೊರಗೆ ಇಟ್ರೆ ಹೊರಗೇ ಉಣ್ತಾರೆ, ಹೊರಗಿಂದ್ಲೇ ಹೋಗ್ತಾರೆ."

ಅಣ್ಣತಮ್ಮಂದಿರೆಂದರೆ ದಿಕ್ಕಿಲ್ಲದೆ ಅಲೆಯುವ ಹಸಿದ ಆತ್ಮಗಳು. ಅವರನ್ನು ದೆವ್ವ ಎಂದು ಕರೆದು ಯಾರೂ ಕೆಣಕುವುದಿಲ್ಲ.

"ಯಂತ್ರದ ಕೋಣೆಗೆ ಬೀಗ ಇದೆಯಲ್ಲಮ್ಮ."

"ಅವರಿಗೆ ಬೀಗ ಯಾವ ಲೆಕ್ಕ?"

ಶ್ವೇ ತಲೆ ಕೆರೆದುಕೊಂಡು, ಹಿತ್ತಲಿನಿಂದ ತಾವೇ ಇಟ್ಟಿಗೆ ಹೊತ್ತು ತಂದುಕೊಟ್ಟಿದ್ದರು. ಸೋತಾಗ ಕೆಲಸ ಮಾಡಿ ತೋರಿಸುವುದು ಅವರ ಗುಣ.

ತಾಯ್‌ಚುಂಗ್ ಊರಾಚೆ ಇದ್ದ ಆ ಕಟ್ಟಡ ದಾರಿಹೋಕರ ಕಣ್ಣಿಗೆ ಕಿಟಕಿಯಿಲ್ಲದ ಗೋದಾಮು. ಒಳಗೆ ಸಾಲುಸಾಲು ಕಪಾಟುಗಳಲ್ಲಿ ಪರರ ಕಂಪ್ಯೂಟರ್ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಆಸ್ಪತ್ರೆಯದೊಂದು, ರೈತರ ಬ್ಯಾಂಕಿನದೊಂದು, ಬಸ್ ಕಂಪನಿಯದೊಂದು, ಅನಾನಸ್ ಕೇಕಿನ ಅಂಗಡಿಯದೊಂದು. ಕಪಾಟುಗಳ ನೆತ್ತಿಯ ಮೇಲೆ 'ಜಾಣಮರಿ' ಎಂಬ ಅರ್ಥದ ಹೆಸರಿನ, ಹಸಿರು ಪೊಟ್ಟಣದ ಜೋಳದ ಕುರುಕಲು ಇಟ್ಟಿರುತ್ತಿದ್ದರು, ಯಂತ್ರವೂ ಆ ಹೆಸರಿನ ಹಾಗೆ ಹಟ ಮಾಡದಿರಲಿ ಎಂದು. ಗಿರಾಕಿಗಳು ಯಂತ್ರ ತಂದಿಟ್ಟು ಹೋಗುತ್ತಾರೆ. ಅದಕ್ಕೆ ಕರೆಂಟು, ತಂಪು, ಹೊರಲೋಕದಿಂದ ಬರುವ ದಾರಿ, ಆ ದಾರಿಯ ಕಾವಲು ಇವೆಲ್ಲ ಸು-ಚಿಂಗ್ ಮತ್ತು ಅವಳ ಪಾಳಿಯವರ ಹೊಣೆ.

ಕಳ್ಳರ ಕಾವಲಿಗಿಂತ ಜಂಗುಳಿಯ ಕಾವಲೇ ಹೆಚ್ಚು ಕಷ್ಟ. ಎಲ್ಲಿಯೋ ಕುಳಿತ ಒಬ್ಬ, ಯಾರ ಯಾರದೋ ಮನೆಯ ಕ್ಯಾಮೆರಾ, ಅಂಗಡಿಯ ವೈಫೈ ಡಬ್ಬಿ ಇಂಥವನ್ನೆಲ್ಲ ಗುಟ್ಟಾಗಿ ವಶ ಮಾಡಿಕೊಂಡು, ಎಲ್ಲವನ್ನೂ ಒಟ್ಟಿಗೆ ಒಂದೇ ವೆಬ್ ಪುಟದ ಬಾಗಿಲಿಗೆ ಅಟ್ಟುತ್ತಾನೆ. ಅವು ಏನನ್ನೂ ಕದಿಯುವುದಿಲ್ಲ. ಬಾಗಿಲಲ್ಲಿ ನಿಂತು 'ಕೊಡು, ಕೊಡು' ಎಂದು ಬಡಿಯುತ್ತವೆ, ಅಷ್ಟೆ. ನಿಜವಾಗಿ ಕೆಲಸವಿದ್ದವನು ಹಿಂದೆಲ್ಲೋ ಕಾಲು ತುಳಿಸಿಕೊಂಡು ನಿಂತು, ಸಾಕಾಗಿ ಮನೆಗೆ ಹೋಗುತ್ತಾನೆ. ಬಡಿತ ಜೋರಾದರೆ ಅಕ್ಕಪಕ್ಕದ ಬಾಗಿಲುಗಳೂ ಅದುರುತ್ತವೆ. ಆಗ ಬಹಳ ಕಡೆ ಮಾಡುವುದು ಒಂದೇ ಉಪಾಯ. ಏಟು ತಿನ್ನುತ್ತಿರುವ ಗಿರಾಕಿಯ ಬಾಗಿಲನ್ನೇ ಮುಚ್ಚಿಬಿಡುವುದು. ಅವನ ಕಡೆಗೆ ಬರುವುದೆಲ್ಲ, ಒಳ್ಳೆಯದು ಕೆಟ್ಟದ್ದು ಎನ್ನದೆ, ಪಾಳುಬಾವಿಗೆ ಬೀಳುತ್ತದೆ; ಉಳಿದವರು ಬದುಕುತ್ತಾರೆ.

ಸು-ಚಿಂಗ್ ತನ್ನ ಪಾಳಿಯಲ್ಲಿ ಯಾವತ್ತೂ ಯಾರ ಬಾಗಿಲನ್ನೂ ಮುಚ್ಚಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವವಳಲ್ಲ. ಆದರೆ ಹೊಸಬರು ಯಾರಾದರೂ ಕೆಲಸಕ್ಕೆ ಸೇರಿದರೆ ಪಿನ್-ರು ಅವಳತ್ತ ಗಲ್ಲ ತೋರಿಸಿ ಪಿಸುಗುಟ್ಟುವುದು ಇದನ್ನೇ. ಆಗ ಸು-ಚಿಂಗ್ ಕೇಳಿಸದವಳಂತೆ ಪರದೆ ನೋಡುತ್ತಿದ್ದಳು. ಕಿವಿ ಮಾತ್ರ ಕೆಂಪಾಗುತ್ತಿತ್ತು.

ಹೊರಗೆ ಕಡ್ಡಿಗಳು ಉರಿಯುತ್ತಿರಲು ಬಿಟ್ಟು ಇಬ್ಬರೂ ಕಾವಲು ಕೋಣೆಗೆ ಬಂದಾಗ ಯೆನ್-ತಿಂಗ್ ನಗುತ್ತ ಕುಳಿತಿದ್ದ. ಸದಾ ಕಡಲೆಕಾಯಿ ಮೆಲ್ಲುವ ಆ ಹುಡುಗನನ್ನು ಪಾಳಿಯವರೆಲ್ಲ ಕಡ್ಲೆ ಎಂದೇ ಕರೆಯುತ್ತಿದ್ದರು. ಕಲಿತವನು, ಚುರುಕು, ಅವಸರ ಮಾತ್ರ ಜಾಸ್ತಿ.

"ಚಿಂಗ್ ಅಕ್ಕ, ನೋಡಿ ಬನ್ನಿ. ಶುರುವಾಯ್ತು ರಜಾ ಭಿಕ್ಷೆ!"

ಅವನು ತೋರಿಸಿದ್ದು ಬಿಯುಂಗನ ಪುಟದ ಗೆರೆಯನ್ನು. ಪುಟ ತೆರೆಯುವವರು ಹೆಚ್ಚಿದಂತೆ ಏರುವ ಆ ಹಸಿರು ಗೆರೆ ಬಿಸಿಲಿಗೆ ಬಂದ ಹಾವಿನ ಹಾಗೆ ಹೆಡೆ ಎತ್ತಿತ್ತು.

ಬಿಯುಂಗ್ ನಾನ್‌ತೌ ಬೆಟ್ಟದ ಬುನುನ್ ಬುಡಕಟ್ಟಿನವನು. ಮೊದಲು ಆಂಬುಲೆನ್ಸ್ ಓಡಿಸುತ್ತಿದ್ದ. ಈಗ ಅವನೂ ಅವನ ಜೊತೆಗಾರರೂ ಸೇರಿ ಬೆಟ್ಟದ ಹಳ್ಳಿಗಳ ಡಯಾಲಿಸಿಸ್ ರೋಗಿಗಳನ್ನು ವ್ಯಾನಿನಲ್ಲಿ ಕೆಳಗಿನ ಆಸ್ಪತ್ರೆಗೆ ತಂದು ವಾಪಸು ಬಿಡುತ್ತಾರೆ. ಯಾರಿಗೆ ಯಾವ ಹೊತ್ತಿಗೆ ವ್ಯಾನು ಬೇಕು ಎಂಬುದೆಲ್ಲ ಗೊತ್ತುಮಾಡಿಕೊಳ್ಳುವುದು ಆ ಪುಟದಲ್ಲಿ. ಚಾಲಕರಿಗೆ ಅನುಕೂಲವಾಗಲೆಂದು ಅವನು ಪುಟದ ನೆತ್ತಿಯಲ್ಲಿ ಯಾವ ಜಿಲ್ಲೆಗೆ ಚಂಡಮಾರುತದ ರಜೆ, ಯಾವ ರಸ್ತೆ ಬಂದ್ ಎಂದು ಹಾಕುತ್ತಿದ್ದ. ಒಂದು ವರ್ಷ ಯಾರೋ ಅದನ್ನು ನೋಡಿ, ಇಲ್ಲಿ ಸುದ್ದಿ ಎಲ್ಲಕ್ಕಿಂತ ಬೇಗ ಸಿಗುತ್ತದೆ ಎಂದು ಹರಡಿಬಿಟ್ಟಿದ್ದರು. ಅಂದಿನಿಂದ ಗಾಳಿ ಎದ್ದರೆ ಸಾಕು, ಬೆಟ್ಟಕ್ಕೂ ವ್ಯಾನಿಗೂ ಸಂಬಂಧವಿಲ್ಲದ ಶಾಲೆಯ ಮಕ್ಕಳು, ಕಚೇರಿಯವರು, ಬಟ್ಟೆ ಅಂಗಡಿಯವರು ಎಲ್ಲ ಬಿಯುಂಗನ ಪುಟ ತೆರೆದು ರಜೆ ಬಂತೇ ರಜೆ ಬಂತೇ ಎಂದು ಒತ್ತುತ್ತ ಕೂರುತ್ತಿದ್ದರು.

"ಮಧ್ಯಾಹ್ನದಿಂದ ರಜೆ ಕೊಟ್ಟಾರಾ ಅಂತ ನನ್ನ ಅತ್ತಿಗೆನೂ ಅದನ್ನೇ ಒತ್ತುತ್ತಾ ಇರ್ತಾಳೆ" ಎಂದಳು ಪಿನ್-ರು. "ಆಫೀಸಲ್ಲಿ ಬ್ಯಾಗು ಹೆಗಲಿಗೆ ಹಾಕ್ಕೊಂಡೇ ಕೂತಿರ್ತಾಳೆ."

"ಬಿಡಿ, ಒತ್ತಲಿ" ಎಂದು ಸು-ಚಿಂಗ್ ಕೂಡ ನಕ್ಕಳು. "ಪ್ರಕಟಣೆ ಬಂದ್ರೆ ಇಳಿಯುತ್ತೆ."

ನಕ್ಕದ್ದೇ ತಪ್ಪಾಯಿತು. ಗೆರೆ ಏರುತ್ತ ಹೋಯಿತು. ಕಡ್ಲೆ ಸಿಪ್ಪೆ ಸುಲಿಯುತ್ತ ಯಾವ ಜಿಲ್ಲೆಗೆ ರಜೆ ಸಿಗುತ್ತದೆಂದು ಪಂದ್ಯ ಕಟ್ಟಿದ. ಪಿನ್-ರು ಚಹಾ ಕಾಸಿದಳು. ಸ್ವಲ್ಪ ಹೊತ್ತಿನಲ್ಲಿ ಪ್ರಕಟಣೆ ಬಂತು: ತಾಯ್‌ಚುಂಗ್, ನಾನ್‌ತೌ, ಚಾಂಗ್‌ಹ್ವಾ, ಮಧ್ಯಾಹ್ನದಿಂದ ಶಾಲೆ ಕಚೇರಿ ಎಲ್ಲಕ್ಕೂ ರಜೆ. ಎದುರಿನ ಕಾರ್ಖಾನೆಯಿಂದ 'ಹೋ' ಎಂಬ ಕೂಗು ಗೋಡೆ ದಾಟಿ ಕೇಳಿಸಿತು.

ಸು-ಚಿಂಗ್ ಲೋಟ ತುಟಿಗಿಟ್ಟವಳು ಹಾಗೇ ನಿಂತಳು. ಗೆರೆ ಇಳಿಯಲಿಲ್ಲ. ಇನ್ನೂ ಏರಿತು.

"ಕಡ್ಲೆ."

"ಹ್ಞಾಂ, ಅಕ್ಕ?"

"ರಜೆ ಸಿಕ್ಕಿದ ಮೇಲೂ ರಜೆ ಕೇಳೋರು ಯಾರೋ?"

ಅವನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಪಿನ್-ರು ಚಹಾ ಕೆಳಗಿಟ್ಟು ಕುರ್ಚಿ ಎಳೆದುಕೊಂಡಳು. ಬಂದವರ ವಿಳಾಸಗಳನ್ನು ತೆರೆದು ನೋಡಿದರೆ ಎಲ್ಲ ದೇಶದೊಳಗಿನವೇ. ಯಾರದೋ ಮೀನಂಗಡಿಯ ಕ್ಯಾಮೆರಾ, ಯಾರದೋ ಮನೆಯ ವೈಫೈ. ಕೊಂಡ ದಿನದ ಗುಪ್ತಪದವನ್ನು ಬದಲಿಸದೆ ಬಿಟ್ಟವು. ಹೊರದೇಶದಿಂದ ಬಂದಿದ್ದರೆ ಹೊರದೇಶದ ದಾರಿ ಮುಚ್ಚಬಹುದಿತ್ತು. ಇವು ರಜೆ ಕೇಳುವವರ ಗುಂಪಿನಲ್ಲಿ, ಅವರ ಹಾಗೇ ಮುಖ ಮಾಡಿಕೊಂಡು, ಹೆಗಲಿಗೆ ಹೆಗಲು ಕೊಟ್ಟು ಒಳಗೆ ಬಂದಿದ್ದವು. ಬಡಪಾಯಿ ವ್ಯಾನಿನವನ ಮೇಲೆ ಯಾರಿಗೇಕೆ ಹಗೆ ಎಂದು ಯಾರಿಗೂ ತಿಳಿಯಲಿಲ್ಲ. ಇಂಥವುಗಳ ಕಾರಣ ತಿಳಿಯುವುದೂ ಅಪರೂಪ.

"ಒತ್ತಲಿ ಬಿಡಿ ಅಂತ ನಾನು ಹೇಳಿದ್ದಕ್ಕೆ ನೀವು ಕೈಕಟ್ಟಿ ಕೂತಿರಿ" ಎಂದಳು ಸು-ಚಿಂಗ್. "ಇನ್ನು ಕೂರೋ ಹಾಗಿಲ್ಲ."

ಆಗಲೇ ಫೋನು ಬಂತು.

"ತಂಗೀ, ನನ್ನ ಪುಟ ಸತ್ತು ಹೋಗಿದೆಯಾ?" ಬಿಯುಂಗನ ದನಿಯ ಹಿಂದೆ ನಾಯಿ ಬೊಗಳುತ್ತಿತ್ತು. "ಇವತ್ತು ಎಲ್ಲರನ್ನೂ ಮಧ್ಯಾಹ್ನದೊಳಗೆ ಕೆಳಗಿಳಿಸ್ಬೇಕು. ಆಸ್ಪತ್ರೆಯವರು ಇವತ್ತೇ ಎಲ್ಲರಿಗೂ ಡಯಾಲಿಸಿಸ್ ಮಾಡಿ, ಗಾಳಿ ಹೋಗೋ ತನಕ ಅಲ್ಲೇ ಇಟ್ಕೊಳ್ತಾರಂತೆ. ಗಾಳಿ ಬಂತೂಂದ್ರೆ ಬೆಟ್ಟದ ರಸ್ತೆ ಮುಚ್ತಾರೆ. ಆಮೇಲೆ ಎಷ್ಟು ದಿನಕ್ಕೆ ತೆಗೀತಾರೋ."

"ಫೋನಲ್ಲಿ ಬರ್ಕೊಳ್ಳೋಕೆ ಆಗಲ್ವಾ ಅಣ್ಣ?"

"ಒಂದು ಫೋನು, ಒಂದು ಬಾಯಿ. ಅದೂ ಒಬ್ಬ ಅಜ್ಜಿ ಹಿಡ್ಕೊಂಡ್ರೆ ಮೊಮ್ಮಗಳ ಮದುವೆ ತನಕ ಬಿಡೋದಿಲ್ಲ. ಯಾರ್ ಯಾರಿಗೆ ವ್ಯಾನು ಬೇಕು ಅಂತ ಗೊತ್ತಾಗದೆ ನಾನು ಯಾವ ಹಳ್ಳಿ ಕಡೆ ಓಡ್ಲಿ? ಈ ಸಲ ತಪ್ಪಿಸಿಕೊಂಡೋರು ಮುಂದಿನ ಸಲ ಇರ್ತಾರೋ ಇಲ್ವೋ, ತಂಗಿ."

"ಪುಟ ಸತ್ತಿಲ್ಲ. ಬಾಗಿಲಲ್ಲಿ ಜಂಗುಳಿ. ಸ್ವಲ್ಪ ತಡೀರಿ."

"ತಡೀತೀನಿ. ಚಂಡಮಾರುತಕ್ಕೆ ನೀನೇ ಹೇಳು."

ಫೋನಿಟ್ಟು ತಿರುಗಿದರೆ ಹಿಂದೆ ಶ್ವೇ ನಿಂತಿದ್ದರು. ಕಚೇರಿಯಿಂದ ಓಡಿ ಬಂದಿದ್ದರು. ಒಂದು ಕಾಲಲ್ಲಿ ಬೂಟು, ಒಂದರಲ್ಲಿ ಚಪ್ಪಲಿ.

"ಆಸ್ಪತ್ರೆ ಪುಟ ತೆವಳ್ತಾ ಇದೆ. ಬ್ಯಾಂಕಿನವರು ಆಗ್ಲೇ ಫೋನು ಮಾಡಿದ್ರು" ಎಂದರು. "ನಮ್ಮ ದಾರಿ ಪೂರ್ತಿ ತುಂಬಿದ್ರೆ ಎಲ್ಲರೂ ಮುಳುಗ್ತಾರೆ. ಬಿಯುಂಗನದು ಮುಚ್ಚು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆನಾ?"

"ಗಾದೆ ಆಮೇಲೆ ಹೇಳು, ಸು-ಚಿಂಗ್. ನಿಯಮ ಇದೆ. ಒಂದು ಮನೆ ಬಾಗಿಲು ಹಾಕಿ ಊರು ಉಳಿಸೋದು. ಅವನು ತಗೊಂಡಿರೋದು ಸಾದಾ ಜಾಗ, ಅದಕ್ಕೆ ವಿಶೇಷ ಕಾವಲು ಇಲ್ಲ."

"ಆ ಬಾಗಿಲ ಹಿಂದೆ ಇರೋದು ಅಂಗಡಿ ಅಲ್ಲ, ಮ್ಯಾನೇಜರೇ. ಬೆಟ್ಟದ ರೋಗಿಗಳು. ಮಧ್ಯಾಹ್ನ ಕಳೆದ ಮೇಲೆ ತೆಗೆದ್ರೆ ಏನು ಬಂತು?"

ಶ್ವೇ ಪರದೆಯನ್ನು ನೋಡಿದರು. ಕೆಳಗೆ ಹಸಿರು ಗೆರೆ, ಮೇಲೆ ಅದು ಮುಟ್ಟಬಾರದ ಕೆಂಪು ಗೆರೆ. ಕೆಟ್ಟ ಮನುಷ್ಯರಲ್ಲ. ಆಸ್ಪತ್ರೆಯ ಹೊಣೆಯೂ ಅವರ ತಲೆಯ ಮೇಲೇ ಇತ್ತು.

"ಕೆಂಪು ಮುಟ್ಟೋ ತನಕ ನಿನ್ನದು. ಮುಟ್ಟಿದ್ರೆ ಬೇರೆಯವರ ಕೈಲಿ ಮಾಡಿಸೋದಿಲ್ಲ, ನಾನೇ ಒತ್ತೀನಿ" ಎಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕುಳಿತರು.

ಕಡ್ಲೆ ಆಗಲೇ ಕೀಲಿಮಣೆ ಬಡಿಯುತ್ತಿದ್ದ. "ಜಾಸ್ತಿ ಬಡಿಯೋ ವಿಳಾಸಗಳನ್ನ ಒಂದೊಂದಾಗಿ ಹೊರಗೆ ಹಾಕ್ತಾ ಇದ್ದೀನಿ, ಅಕ್ಕ." ಗೆರೆ ಒಂದು ಚೂರು ತಗ್ಗಿ, ಮತ್ತೆ ಎದ್ದಿತು. ಒಂದನ್ನು ಹಾಕಿದರೆ ಹತ್ತು ಬರುತ್ತಿದ್ದವು. "ಛೇ, ಇದು ಬೊಗಸೇಲಿ ಸಮುದ್ರ ಮೊಗೆದ ಹಾಗೆ!"

ಸು-ಚಿಂಗ್ ಗೆರೆಯನ್ನೇ ನೋಡುತ್ತ ಲೆಕ್ಕ ಹಾಕಿದಳು. ಬಾಗಿಲಲ್ಲಿ ತಡೆದಷ್ಟೂ ಬಾಗಿಲಲ್ಲೇ ಜಂಗುಳಿ. ಇಲ್ಲ ಎಂದರೂ ಕೇಳುತ್ತವೆ, ಬೈದರೂ ಕೇಳುತ್ತವೆ. ಅವುಗಳಿಗೆ ಬೇಕಾದ್ದು ಒಂದೇ, ಏನಾದರೂ ಸಿಗಬೇಕು. ಹಸಿದವನ್ನು ಓಡಿಸುವುದಕ್ಕೆ ಹೋಗಬಾರದು ಎಂದು ಚಿಕ್ಕಂದಿನಿಂದ ಎಲ್ಲರಿಗೂ ಗೊತ್ತಿರುವ ಮಾತು. ಈ ತಿಂಗಳಲ್ಲಿ ಹಸಿದವರನ್ನು ಯಾರು ತಾನೇ ಹೊಡೆದು ಓಡಿಸುತ್ತಾರೆ?

"ಮ್ಯಾನೇಜರೇ, ಎಡೆ ಒಳಗೆ ಬೇಡ ಅಂದೆನಲ್ಲ ಬೆಳಿಗ್ಗೆ."

"ಈಗ ಅದ್ಯಾಕೆ?"

"ಇವಕ್ಕೂ ಹೊರಗೇ ಎಡೆ ಇಡೋಣ."

ಮೂವರೂ ಅವಳ ಮುಖ ನೋಡಿದರು. ಅವಳು ಹೇಳತೊಡಗಿದಳು. ಮೊದಲು ತಡವರಿಸುತ್ತ, ಆಮೇಲೆ ಒಂದೇ ಉಸಿರಿಗೆ. ಕಂಪನಿಗೆ ತಾಯ್‌ಪೆಯಲ್ಲೊಂದು, ಕಾವ್‌ಶ್ಯುಂಗಿನಲ್ಲೊಂದು ಸಣ್ಣ ಕೋಣೆ ಇದೆ. ದೇಶದ ದೊಡ್ಡ ದೊಡ್ಡ ಇಂಟರ್‌ನೆಟ್ ದಾರಿಗಳೆಲ್ಲ ಕೂಡುವ ಜಾಗಗಳು. ಬಿಯುಂಗನ ಪುಟಕ್ಕೆ ಬರುವವರನ್ನೆಲ್ಲ ತಾಯ್‌ಚುಂಗಿನ ತನಕ ಬಿಡದೆ ಅಲ್ಲಿಗೇ ತಿರುಗಿಸುವುದು. ಅಲ್ಲಿ ಒಂದು ಹಗುರ ಪುಟ, ನಾಲ್ಕು ಸಾಲಿನದು. ಬಂದವರಿಗೆಲ್ಲ ಅದನ್ನು ಕೊಡುವುದು. ಅದರೊಳಗೆ ಒಂದು ಪುಟ್ಟ ಲೆಕ್ಕ. ಮನುಷ್ಯರ ಕೈಯಲ್ಲಿರುವ ಫೋನು ಆ ಲೆಕ್ಕವನ್ನು ಯಜಮಾನನಿಗೆ ತಿಳಿಯದ ಹಾಗೆ ತಾನೇ ಬಿಡಿಸಿ ಒಂದು ಚೀಟಿ ಪಡೆಯುತ್ತದೆ. ಚೀಟಿ ಇದ್ದವರು ಒಳಗೆ ಬರುತ್ತಾರೆ. ಈ ವಶವಾದ ಡಬ್ಬಿಗಳಿಗೆ ಕೂಗುವುದು ಬಿಟ್ಟು ಬೇರೇನೂ ಬಾರದು. ಕೊಟ್ಟದ್ದನ್ನು ತಿನ್ನುತ್ತವೆ, ಮತ್ತೆ ಕೇಳುತ್ತವೆ, ಮತ್ತೆ ಅದನ್ನೇ ತಿನ್ನುತ್ತವೆ.

"ತಿನ್ನಲಿ. ಹೊರಗೇ ತಿನ್ನಲಿ. ಹೊಟ್ಟೆ ತುಂಬ ತಿನ್ನಲಿ" ಎಂದಳು ಸು-ಚಿಂಗ್.

"ಹಾಕಿರೋರು ಹಾಕಿದ್ದಾರೆ ಇಂಥದ್ದು" ಎಂದ ಕಡ್ಲೆ, ಕಣ್ಣು ಹೊಳೆಯುತ್ತಿತ್ತು. "ದುಡ್ಡಿದ್ದೋರಿಗೆ. ಇಷ್ಟು ಅವಸರದಲ್ಲಿ ಯಾರೂ ಹಾಕಿಲ್ಲ."

"ನಿನಗೆ ಅವಸರ ಅಂದ್ರೆ ಪ್ರಾಣ ಅಲ್ವಾ? ಬರಿ."

ಅವನು ಬರೆಯತೊಡಗಿದ. ಪಿನ್-ರು ಎರಡು ಕಿವಿಗೂ ಒಂದೊಂದು ಫೋನು ಹಿಡಿದು ಇಂಟರ್‌ನೆಟ್ ತಂತಿ ಕಂಪನಿಗಳನ್ನು ಎಬ್ಬಿಸತೊಡಗಿದಳು. ರಜೆ ಸಿಕ್ಕಿತೆಂದು ಅರ್ಧ ಜನ ಎದ್ದು ಹೊರಟಿದ್ದರು.

"ಏನು, ಬ್ಯಾಗು ಹೆಗಲಿಗೆ ಹಾಕ್ಕೊಂಡಾಯ್ತಾ? ಕೆಳಗಿಡಿ ಮರಿ, ಕೆಳಗಿಡಿ" ಎಂದು ಅವಳು ಒಬ್ಬನಿಗೆ ಜೇನಿನಂಥ ದನಿಯಲ್ಲಿ ಹೇಳುತ್ತಿದ್ದಳು. "ನಿಮ್ಮ ಅಮ್ಮನಿಗೆ ಡಯಾಲಿಸಿಸ್ ಇಲ್ಲದೆ ಇರಬಹುದು. ಒಬ್ಬರ ಅಮ್ಮನಿಗೆ ಇದೆ. ಈ ದಾರಿ ತಿರುಗಿಸಿಕೊಟ್ಟು ಹೋಗಿ, ಮುಂದಿನ ತಿಂಗಳು ಚಂದ್ರನ ಹಬ್ಬಕ್ಕೆ ನಿಮ್ಮ ಮನೆಗೆ ಚಕ್ಕೋತ ಕಳಿಸ್ತೀನಿ. ಸಿಹಿಯಾಗಿರೋದೇ."

ಇನ್ನೊಂದು ಕಿವಿಯವನಿಗೆ ಅವಳು ಜೇನು ಬಳಸಲಿಲ್ಲ. ಅವನ ಮೇಲಧಿಕಾರಿಯ ಹೆಸರು ಕೇಳಿದಳು, ಅಷ್ಟೆ.

ಹಸಿರು ಗೆರೆ ಕೆಂಪಿನ ಹತ್ತಿರ ಹೋಯಿತು. ಶ್ವೇ ಬಲಗೈ ಬೆರಳನ್ನು ಒತ್ತುಗುಂಡಿಯ ಮೇಲೆ ಇಟ್ಟು, ಒತ್ತದೆ, ಹಾಗೇ ಹಿಡಿದಿದ್ದರು. ಬೆರಳ ತುದಿ ಬಿಳಿಚಿತ್ತು.

"ಅಕ್ಕ, ಪುಟದಲ್ಲಿ ಏನಂತ ಬರೀಲಿ?" ಕಡ್ಲೆ ಕೂಗಿದ. "ಬಾತುಕೋಳಿ ಚಿತ್ರ ಹಾಕ್ಲಾ?"

"ಚಿತ್ರ ಭಾರ. 'ಬಂದದ್ದು ಸಂತೋಷ, ಒಂದು ಗಳಿಗೆ ಕೂತಿರಿ' ಅಂತ ಬರಿ. ಸಾಕು."

"ಮುಖ ತೊಳೆಯೋಕೆ ನೀರು?"

"ತಮಾಷೆ ಆಮೇಲೆ, ಕಡ್ಲೆ!" ಎಂದರು ಶ್ವೇ. ಅವರ ಬಾಯಿಂದಲೂ ಆ ಅಡ್ಡಹೆಸರು ಬಂದದ್ದು ಅದೇ ಮೊದಲು.

"ತಾಯ್‌ಪೆ ತಿರುಗ್ತು" ಎಂದಳು ಪಿನ್-ರು. ಮತ್ತೆ, "ಕಾವ್‌ಶ್ಯುಂಗ್... ತಡಿ... ತಿರುಗ್ತು!"

ಗೆರೆ ಕೆಂಪಿಗೆ ಕೂದಲೆಳೆ ದೂರದಲ್ಲಿ ನಿಂತಿತು. ಒಂದು ಕ್ಷಣ ನಡುಗಿತು. ಆಮೇಲೆ ಏಣಿ ಜಾರಿದ ಕಳ್ಳನ ಹಾಗೆ ದಡದಡನೆ ಕೆಳಗಿಳಿಯಿತು. ಪಕ್ಕದ ಪರದೆಯಲ್ಲಿ ಹೊರಗಿನ ಎರಡು ಕೋಣೆಗಳ ಗೆರೆಗಳು ಬೆಟ್ಟದ ಹಾಗೆ ಎದ್ದು ನಿಂತಿದ್ದವು. ಹಸಿದವು ಅಲ್ಲಿ ಉಣ್ಣುತ್ತಿದ್ದವು, ಆ ನಾಲ್ಕು ಸಾಲನ್ನೇ ಮತ್ತೆ ಮತ್ತೆ ಮತ್ತೆ. ಇಲ್ಲಿ ಒಳಗೆ ಚೀಟಿ ಹಿಡಿದ ಮನುಷ್ಯರು ಒಬ್ಬೊಬ್ಬರಾಗಿ ಬರತೊಡಗಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶ್ವೇ ಬೆರಳನ್ನು ಗುಂಡಿಯಿಂದ ಎತ್ತಿ, ಅದು ಬೇರೆಯವರದೋ ಎಂಬಂತೆ ನೋಡಿಕೊಂಡರು.

ಸು-ಚಿಂಗ್‌ಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಅವಳು ಬಿಯುಂಗನಿಗೆ ಫೋನು ಮಾಡಿದಳು.

"ಅಣ್ಣ, ಹೆಸರು ಬರ್ತಿವೆಯಾ?"

"ಬರ್ತಾ ಇವೆ, ಬರ್ತಾ ಇವೆ! ವ್ಯಾನುಗಳು ಹೊರಟ್ವು. ಮೊದಲು ಬಾಗಿಲು ತೆಗೆದ ಕೂಡ್ಲೇ ಏನೋ 'ಸಂತೋಷ, ಕೂತಿರಿ' ಅಂತ ಬರುತ್ತಂತೆ, ನಮ್ಮ ಅಜ್ಜಿ ಒಬ್ಬಳು ನಿಜವಾಗ್ಲೂ ಕೂತ್ಕೊಂಡ್ಲಂತೆ."

"ಯಾವುದಾದ್ರೂ ಹಳ್ಳಿಯಿಂದ ಒಬ್ಬರೂ ಬರಲಿಲ್ಲ ಅಂತ ಇದೆಯಾ? ಸರಿಯಾಗಿ ನೋಡಿ ಹೇಳಿ."

ಆಚೆ ಕಡೆ ಹೆಸರುಗಳನ್ನು ಓದಿಕೊಳ್ಳುವ ಗೊಣಗು. ನಾಯಿಯ ಬೊಗಳಿಕೆ. "ತಲುಹಾನ್" ಎಂದ ಬಿಯುಂಗ್, ದನಿ ತಗ್ಗಿತ್ತು. "ತಲುಹಾನಿಂದ ಒಬ್ಬರೂ ಇಲ್ಲ. ಮೇಲಿನ ತುದಿ ಹಳ್ಳಿ. ಅಲ್ಲಿ ಐದಾರು ಜನ ಇದ್ದಾರೆ, ತಂಗಿ. ಅವರು ತಾವೇ ಬೇರೆ ವ್ಯವಸ್ಥೆ ಮಾಡ್ಕೊಂಡ್ರೇನೋ ಅಂದ್ಕೊಂಡೆ."

ಸು-ಚಿಂಗ್ ಕಡ್ಲೆಯ ಕಡೆ ತಿರುಗಿದಳು. "ಮೊದಲು ಒಂದೊಂದಾಗಿ ಹೊರಗೆ ಹಾಕಿದೆಯಲ್ಲ, ಆ ವಿಳಾಸಗಳು ಇನ್ನೂ ಹೊರಗೇ ಇವೆಯಾ?"

"ಇವೆ. ಕಳ್ಳರೇ ಅಲ್ವಾ ಅಕ್ಕ?"

"ಬೆಟ್ಟದಲ್ಲಿ ಒಂದು ಮೊಬೈಲ್ ಗೋಪುರದ ಕೆಳಗಿರೋ ಫೋನೆಲ್ಲ ಒಂದೇ ವಿಳಾಸ ಹೊತ್ತು ಬರ್ತವೆ ಕಣೋ. ಊರೆಲ್ಲ ಒಟ್ಟಿಗೆ ವ್ಯಾನು ವ್ಯಾನು ಅಂತ ಒತ್ತಿದ್ರೆ ನಿನ್ನ ಕಣ್ಣಿಗೆ ಒಬ್ಬನೇ ಬಡೀತಿದ್ದಾನೆ ಅನ್ಸುತ್ತೆ."

ಕಡ್ಲೆಯ ಮುಖ ಸುಣ್ಣವಾಯಿತು. ಅವನು ಹುಡುಕಿದ, ಸಿಕ್ಕಿತು, ತಡೆ ತೆಗೆದ. ಒಂದು ಹಳ್ಳಿಗೆ ಹಳ್ಳಿಯೇ ಬಾಗಿಲಾಚೆ ನಿಂತಿತ್ತು. "ನಾನು ಮುಚ್ಚಿದ್ದೆ" ಎಂದ ಮೆಲ್ಲಗೆ. "ಅಕ್ಕ, ನಮ್ಮ ಪಾಳಿಯಲ್ಲಿ ಯಾರ ಬಾಗಿಲೂ ಮುಚ್ಚಿಲ್ಲ ಅಂತ ಎಲ್ಲರೂ ಹೇಳ್ತಾರೆ. ನಾನು ಮುಚ್ಚಿದ್ದೆ."

"ರಜೆ ಭಿಕ್ಷೆ ಅಂತ ನಾನೂ ನಕ್ಕಿದ್ದೆ. ಈಗ ತೆಗೆದೆಯಲ್ಲ, ಮುಂದೆ ನೋಡು."

ಸ್ವಲ್ಪ ಹೊತ್ತಿಗೆ ತಲುಹಾನಿನಿಂದ ಮೊದಲ ಹೆಸರು ಬಂತು. ಆಮೇಲೆ ಇನ್ನೊಂದು. ಬಿಯುಂಗ್ ಫೋನಿನಲ್ಲೇ ಒಂದೊಂದನ್ನೂ ಗಟ್ಟಿಯಾಗಿ ಓದಿ ಹೇಳಿದ. ಉಳಿದ ವ್ಯಾನುಗಳೆಲ್ಲ ಇಳಿಯುತ್ತಿದ್ದವು. ತುದಿ ಹಳ್ಳಿಗೆ ತಾನೇ ಹೋಗುವುದಾಗಿ ಹೇಳಿ, ಗಾಡಿ ಚಾಲೂ ಮಾಡಿ, ಫೋನಿಟ್ಟ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಗೋಡೆಗೆ ಭುಜ ಕೊಟ್ಟು ತಳ್ಳತೊಡಗಿತು. ಶ್ವೇ ಹೊರಗೆ ಹೋಗಿ, ಕಡ್ಡಿಗಳು ಉರಿದು ಮುಗಿದಿದ್ದ ಮೇಜಿನಿಂದ ಬಾತುಕೋಳಿಯನ್ನೂ ಸೇಬುಗಳನ್ನೂ ತಂದು ಪಕ್ಕದ ಊಟದ ಕೋಣೆಯಲ್ಲಿ ಇಟ್ಟರು. ಅಣ್ಣತಮ್ಮಂದಿರು ಉಂಡು ಬಿಟ್ಟದ್ದು ಮನೆಯವರಿಗೆ. ಪಿನ್-ರು ಬಾತುಕೋಳಿಯನ್ನು ತುಂಡು ಮಾಡುತ್ತ, ಚಕ್ಕೋತದ ಸಾಲ ತನ್ನ ತಲೆಗೆ ಬಂತೆಂದೂ, ಅದನ್ನು ಕಂಪನಿಯೇ ಕೊಡಬೇಕೆಂದೂ ವಾದಿಸಿದಳು. ಕಡ್ಲೆ ಒಂದು ತೊಡೆ ಹಿಡಿದು ಪರದೆಯ ಕಡೆಗೇ ನೋಡುತ್ತಿದ್ದ. ಹೊರಗಿನ ಕೋಣೆಗಳಲ್ಲಿ ಹಸಿದವು ಇನ್ನೂ ಉಣ್ಣುತ್ತಿದ್ದವು. ಮೊದಲಿನ ಆರ್ಭಟ ಇರಲಿಲ್ಲ.

"ಪತ್ರಿಕೆಯವರಿಗೆ ಹೇಳ್ಬೇಕು ಅಕ್ಕ, ಇದನ್ನ" ಎಂದ.

"ಏನಂತ ಹೇಳ್ತೀಯ?" ಪಿನ್-ರು ಕೇಳಿದಳು. "ಇವತ್ತು ನಮ್ಮಲ್ಲಿ ಏನೂ ಆಗಲಿಲ್ಲ ಅಂತಲಾ?"

ಕಡ್ಲೆ ಯೋಚಿಸಿ ನಕ್ಕ. ನಿಜವೇ. ಆಸ್ಪತ್ರೆಯಲ್ಲಿ ಯಾರೋ ಪುಟ ನಿಧಾನವೆಂದು ಗೊಣಗಿರಬಹುದು. ಬ್ಯಾಂಕಿನವರು ಮರೆತೂ ಇರಬಹುದು. ಅನಾನಸ್ ಕೇಕಿನ ಅಂಗಡಿಯವನಿಗೆ ಗೊತ್ತೇ ಆಗಿರಲಿಲ್ಲ. ಅವರ ಕೆಲಸ ಚೆನ್ನಾಗಿ ಆದ ದಿನ ಲೋಕಕ್ಕೆ ಸುದ್ದಿಯೇ ಇರುವುದಿಲ್ಲ.

ಪಕ್ಕದ ಕೋಣೆಯಲ್ಲಿ ಶ್ವೇ ಮುಖ್ಯ ಕಚೇರಿಯವರೊಂದಿಗೆ ಮಾತಾಡುತ್ತಿದ್ದರು. ಬಾಗಿಲು ಅರೆತೆರೆದಿತ್ತು. "ನಿಯಮ ಗೊತ್ತು ಸರ್... ಹೌದು, ಮುಚ್ಚಬಹುದಿತ್ತು. ಮುಚ್ಚಲಿಲ್ಲ... ಇಲ್ಲ, ನಾನಲ್ಲ. ನಮ್ಮವರು." ಸ್ವಲ್ಪ ತಡೆದು, ಇನ್ನೊಂದು ಸ್ವಲ್ಪ ಗಟ್ಟಿಯಾಗಿ, "ನಮ್ಮವರು ಸರ್. ನಮ್ಮಲ್ಲಿ ಮುಚ್ಚೋ ಪದ್ಧತಿ ಇಲ್ಲ."

ಸು-ಚಿಂಗ್ ಸೇಬು ಕಚ್ಚಿದಳು. ಕಿವಿ ಬಿಸಿಯಾಯಿತು. ಈ ಸಲ ಅವಳು ಕೇಳಿಸದವಳಂತೆ ನಟಿಸಲಿಲ್ಲ.

ಆದರೂ ತಲುಹಾನಿಗೆ ಹೋದ ಆ ಒಂದು ವ್ಯಾನು ಇನ್ನೂ ರಸ್ತೆಯ ಮೇಲಿತ್ತು. ಗಾಳಿ ಒಮ್ಮೆ ಜೋರಾಗಿ ಗುದ್ದಿ ದೀಪಗಳು ಮಿಣುಕಿದಾಗ ಅವಳು ಸೇಬನ್ನು ಕೆಳಗಿಟ್ಟು, ಫೋನು ತೆಗೆದುಕೊಂಡು, ತನ್ನ ಕುರ್ಚಿಗೆ ಹೋಗಿ ಕುಳಿತಳು. ಬೆಟ್ಟದ ರಸ್ತೆ ಮುಚ್ಚಿತೆಂಬ ಸುದ್ದಿ ಬಿಯುಂಗನ ಪುಟದ ನೆತ್ತಿಯಲ್ಲೇ ಬಂದಿತ್ತು. ಪುಟ ನಡೆಯುತ್ತಿತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ಮುಚ್ಚುವ ಮೊದಲು ಅವರು ಇಳಿದರೋ ಇಲ್ಲವೋ ಎಂಬುದನ್ನು ಮಾತ್ರ ಆ ಪುಟ ಹೇಳುತ್ತಿರಲಿಲ್ಲ.

ಫೋನು ಕೈಯಲ್ಲೇ ಅದುರಿತು.

"ತಂಗೀ! ಗೇಟು ಹಾಕೋ ಮೊದಲೇ ದಾಟಿದ್ವಿ. ಗೇಟಿನವನು ಬೈದ, ನಾನೂ ಬೈದೆ. ಎಲ್ಲರೂ ಇದ್ದಾರೆ. ಒಂದು ಕೋಳಿನೂ ಇದೆ." ಅವನ ದನಿಯ ಹಿಂದೆ ಗಾಜಿನ ನೀರೊರೆಸುವ ಕಡ್ಡಿಗಳ ಕರಕರ, ಮಳೆಯ ಬಡಿತ. "ನಿನ್ನ ಪುಟ ಇವತ್ತು ಸ್ವಲ್ಪ ನಿಧಾನ ಆಯ್ತು. ಮುಂದಿನ ಸಲ ನೋಡ್ಕೋ."

"ಆಗಲಿ ಅಣ್ಣ" ಎಂದಳು ಸು-ಚಿಂಗ್. 

"ಅಯ್ಯೋ, ಎದುರಿಗೆ ಕಲ್ಲು ಬಿದ್ದಿದೆ, ಎರಡೂ ಕೈ ಬೇಕು" ಎಂದವನೇ ಅವನು ಫೋನನ್ನು ಪಕ್ಕದ ಸೀಟಿನ ಮೇಲೆ ಎಸೆದ. ಕರೆಯನ್ನು ಕಡಿಯುವುದು ಮರೆತಿದ್ದ.

ಚಕ್ರಗಳು ಕಿರುಗುಟ್ಟಿ ಗಾಡಿ ಹೊರಳಿದ್ದು ಕೇಳಿಸಿತು. ಆಮೇಲೆ ಸದ್ದು ಹದಕ್ಕೆ ಬಂತು. ವ್ಯಾನಿನ ಒಳಗಿನದೆಲ್ಲ ಈಗ ಅವಳ ಕಿವಿಯಲ್ಲಿತ್ತು. ಒಬ್ಬ ಮುದುಕಿ ಕೋಳಿಯನ್ನು ಯಾರ ತೊಡೆಯ ಮೇಲೆ ಇಡಬೇಕೆಂದು ಜಗಳ ತೆಗೆದಿದ್ದಳು. ಇನ್ನೊಬ್ಬಳು, ಆಸ್ಪತ್ರೆಯಲ್ಲಿ ಕೋಳಿಗೆ ಹಾಸಿಗೆ ಕೊಡುತ್ತಾರೆಯೇ ಎಂದು ಕೇಳಿದಳು. "ಮನೇಲಿ ಬಿಟ್ಟು ಬಂದ್ರೆ ಅದಕ್ಕೆ ಕಾಳು ಯಾರು ಹಾಕ್ತಾರೆ, ನಿನ್ನ ಗಂಡನಾ?" ಗಂಡಸೊಬ್ಬ ಕೆಮ್ಮಿ ಕೆಮ್ಮಿ ನಕ್ಕ. ಕೋಳಿ ಕೊಕ್ ಕೊಕ್ ಎಂದಿತು. ಬುನುನ್ ಮಾತಿನಲ್ಲಿ ಯಾರೋ ಏನೋ ಅಂದರು. ಅವಳಿಗೆ ಅರ್ಥವಾಗಲಿಲ್ಲ, ಆದರೆ ಇಡೀ ವ್ಯಾನು ನಕ್ಕಿತು. ಎಲ್ಲ ದನಿಗಳೂ ಇದ್ದವು, ಬೇರೆ ಬೇರೆಯಾಗಿ, ಒಂದರ ಮೇಲೊಂದು.

ಸು-ಚಿಂಗ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು, ಬಾಗಿ, ಮೆಲ್ಲಗೆ ಹೇಳಿದಳು:

"ಬಿಯುಂಗ್ ಅಣ್ಣ, ಫೋನು ಕಟ್ ಮಾಡ್ಬೇಡಿ. ಇನ್ನೂ ಸ್ವಲ್ಪ ಹೊತ್ತು ಹೀಗೇ ಇರ್ಲಿ."